ತಿಂಗಳಿಗೆ ಮೊದಲೇ ಮುಗಿದ ಗುಳಿಗೆ

ಅಳವಂಡಿಯ ಪಂಚಾಯ್ತಿ ಜವಾನ ವಿರುಪಣ್ಣ ಬೆಳಿಗ್ಗೆ ಶುಗರ್ ಗುಳಿಗೆಯ ಡಬ್ಬಿ ತೆರೆದರೆ ಖಾಲಿ. ಸರಕಾರಿ ದವಾಖಾನೆಯವರು ತಿಂಗಳಿಗೆಂದು ಕೊಟ್ಟದ್ದು ಹದಿನೈದೇ ದಿನಕ್ಕೆ ಮುಗಿದಿತ್ತು. ಅವನ ಕಾಲ್ಬೆರಳಿನ ಹುಣ್ಣು ಮಾಯುತ್ತಿರಲಿಲ್ಲ. ಗುಳಿಗೆ ತಪ್ಪಿಸಿದರೆ ಬೆರಳೇ ಹೋಗುತ್ತದೆಂದು ಡಾಕ್ಟರು ಹೆದರಿಸಿದ್ದರು.

"ನಾ ದಿನಾ ಎರಡಽ ತಿಂದೀನಿ. ಉಳಿದದ್ದು ಎಲ್ಲಿ ಹೋದ್ವು?"

"ಇಲಿ ಒಯ್ದಿರಬೇಕ್ರಿ," ಎಂದಳು ಹೆಂಡತಿ ಅಮರಮ್ಮ, ರೊಟ್ಟಿ ಬಡಿಯುತ್ತ, ತಲೆ ಎತ್ತದೆ.

ದವಾಖಾನೆಯಲ್ಲಿ ಗುಳಿಗೆ ಕೊಡುವ ಸುಮಂಗಲಾ ಚೀಟಿಯ ತಾರೀಖು ನೋಡಿದಳು. "ಇನ್ನ ಹದಿನೈದ ದಿನ ಐತಲ್ಲ. ಯಾರಿಗೆ ಮಾರಿದ್ರಿ?"

"ಮಾರೂದಾ? ಇಲಿ ತಿಂದಾವ್ರಿ ಯವ್ವಾ!"

"ಹಂಗಾದ್ರ ಆ ಇಲೀನ ಕರಕೊಂಡ ಬರ್ರಿ, ಅದರ ಶುಗರ್ ನೋಡೂಣು."

ಸರದಿಯಲ್ಲಿ ನಿಂತವರೆಲ್ಲ ನಕ್ಕರು. ಗುಳಿಗೆ ಸಿಗಲಿಲ್ಲ. ಈ ಅನುಮಾನಕ್ಕೆ ಕಾರಣ ಅವನೇ. ಮೂರು ವಾರದ ಹಿಂದೆ ಅವನ ಮನೆಯ ಕಟ್ಟೆಯ ಮೇಲೆ ಕೂತ ಗೆಳೆಯರು "ಗುಳಿಗಿ ವಿರುಪಣ್ಣ" ಎಂದು ಗೇಲಿ ಮಾಡಿದಾಗ, ಪೇಪರಿನ ಸುದ್ದಿಯೊಂದನ್ನು ಓಣಿಗೆಲ್ಲ ಕೇಳುವಂತೆ ಓದಿದ್ದ. ಇದೇ ಶುಗರ್ ಗುಳಿಗೆ ಹೆಂಗಸರ ಗರ್ಭಕಂಠದ ಕ್ಯಾನ್ಸರಿಗೂ ಮದ್ದಾಗಬಹುದಂತೆ! 'ಇನ್ನೂ ಪ್ರಯೋಗ ನಡೆದಿದೆ, ಯಾರೂ ತಾವಾಗಿ ತಿನ್ನಬಾರದು' ಎಂಬ ಕೊನೆಯ ಸಾಲು ಸಪ್ಪೆಯೆನಿಸಿ, ಅದನ್ನು ಬಿಟ್ಟು ಪೇಪರ್ ಮಡಚಿದ್ದ.

ಕಚೇರಿಗೆ ಬಂದರೆ ಸುದ್ದಿ ಅವನಿಗಿಂತ ಮೊದಲೇ ಬಂದು ಕೂತಿತ್ತು. "ಏನಪಾ, ಕ್ಯಾನ್ಸರ್ ಔಷಧದ ಅಂಗಡಿ ಛಲೋ ನಡದೈತೇನು?" ಎಂದ ಗುಮಾಸ್ತ ಗೋವಿಂದರಾಜ. ಮಧ್ಯಾಹ್ನ ಹೆಂಗಸೊಬ್ಬಳು ಬಾಗಿಲ ಮರೆಗೆ ನಿಂತು, "ಎರಡ ಗುಳಿಗಿ ಇದ್ರ ಕೊಡೋ ಯಪ್ಪಾ," ಎಂದು ಬೇಡಿದ್ದೇ ತಡ, ಗೋವಿಂದರಾಜ ಸಾಹೇಬರ ಕೋಣೆಗೆ ಓಡಿದ. ಸಾಹೇಬರು ವಿವರಣೆ ಬರೆದುಕೊಡು ಎಂದರು. 'ಇಲಿ ತಿಂದಿದೆ' ಎಂದು ವಿರುಪಣ್ಣ ಸಹಿ ಹಾಕಿದ ಕಾಗದ ಕಚೇರಿಯ ಎಲ್ಲ ಮೇಜುಗಳನ್ನೂ ಸುತ್ತಿ ಬಂತು.

ಸಂಜೆ ಕುಂಟುತ್ತ ಮನೆ ಸೇರಿದಾಗ ಬಾಯಿ ಒಣಗಿ ತಲೆ ತಿರುಗುತ್ತಿತ್ತು. ಪಕ್ಕದ ಮನೆಯ ಇಮಾಮಬಾನು ಕಸಬರಿಗೆ ಹಿಡಿದು ಕಾಯುತ್ತಿದ್ದಳು. "ಇಲಿ ನಾ ಹುಡುಕತೀನಿ ಅಣ್ಣಾ, ನಿನ್ನ ಮಾನ ಉಳಸತೀನಿ!"

ಅಮರಮ್ಮ ಬೇಡ ಬೇಡವೆಂದರೂ ಆಕೆ ಜೋಳದ ಡಬ್ಬಿ ಸರಿಸಿದಳು. ಅದರ ಹಿಂದೆ ಗುಳಿಗೆ ತೆಗೆದ ಖಾಲಿ ಹಾಳೆಗಳನ್ನು ರಬ್ಬರ್ ಹಾಕಿ ಕಟ್ಟಿಟ್ಟಿತ್ತು. ಯಾವ ಇಲಿಯೂ ಅಷ್ಟು ಒಪ್ಪವಾಗಿ ಕಟ್ಟಿಡುವುದಿಲ್ಲ.

"ನಾನಽ ತಿಂದೀನ್ರಿ," ಎಂದಳು ಅಮರಮ್ಮ. "ಮುಟ್ಟು ನಿಂತು ಐದ ವರ್ಷ ಆಗಿತ್ತು. ದೀಪಾವಳಿಯಿಂದ ಮತ್ತ ರಕ್ತ ಹೋಗಾಕತ್ತೈತಿ. ಯಾರ ಮುಂದ ಹೇಳ್ಲಿ? ಅವತ್ತ ನೀವು ಓದಿದ್ದು ಒಳಗ ಕೇಳಿಸ್ತು."

ಇಮಾಮಬಾನು ಕಸಬರಿಗೆ ಕೆಳಗಿಟ್ಟಳು. ವಿರುಪಣ್ಣನಿಗೆ ಇಡೀ ದಿನ ಕಳ್ಳ ಇಲಿಗೆಂದು ಕೂಡಿಟ್ಟ ಬೈಗುಳ ಒಂದೂ ನೆನಪಾಗಲಿಲ್ಲ.

"ಇನ್ನೂ ಕಡಿಮಿ ಆಗಿಲ್ಲ," ಎಂದಳು ಅಮರಮ್ಮ. "ಎಷ್ಟ ದಿನ ತಿನಬೇಕಂತ ಪೇಪರಿನ್ಯಾಗ ಬರದಿದ್ರೇನ್ರಿ?"

"ತಿನಬಾರದಂತ ಬರದಿದ್ರು. ನಾನಽ ಓದ್ಲಿಲ್ಲ," ಎಂದ ವಿರುಪಣ್ಣ. "ನಡಿ, ಕೊಪ್ಪಳದ ದೊಡ್ಡ ದವಾಖಾನಿಗೆ ಹೋಗೂಣು, ಬಸ್ ಇನ್ನೂ ಐತಿ."