ಗಂಗಾಳದ ಸಲುವಾಗಿ ಖಂಡ ಬಿಟ್ಟಿದ್ದು

ಖಂಡ ತಿನ್ನೋದು ಬಿಟ್ಟೀನಿ ಅಂದ ಕೂಡಲೇ ಜನ ಮೊದಲು ನನ್ನ ಕುತ್ತಿಗೆ ನೋಡುತ್ತಾರೆ. ಅಲ್ಲಿ ತುಳಸಿ ಮಾಲಿ ಇಲ್ಲ, ಲಿಂಗ ಇಲ್ಲ, ತಾಳಿ ಹೋಗಿಯೂ ಭಾಳ ವರ್ಷ ಆಯಿತು. ಬರೀ ಸುಕ್ಕು. ಆಮೇಲೆ ಮುಖ ನೋಡಿ, "ಸಕ್ರಿ ಬ್ಯಾನಿ ಬಂದೈತೇನ್ರಿ? ಡಾಕ್ಟರ್ ಬ್ಯಾಡ ಅಂದಾರೇನು?" ಅಂತ ಕೇಳುತ್ತಾರೆ. ಅದೂ ಇಲ್ಲ. ಹಂಗಾದರೆ ಮುದುಕಿಗೆ ಅರಳು ಮರಳು ಅಂತ ತಮ್ಮಲ್ಲೇ ತೀರ್ಮಾನ ಮಾಡಿಕೊಂಡು ಹೋಗುತ್ತಾರೆ. ನಮ್ಮ ಕಡೆ ಖಂಡ ಬಿಡೋದಕ್ಕೆ ಒಂದೋ ದೇವರು ಬೇಕು, ಇಲ್ಲಾ ಡಾಕ್ಟರ್ ಬೇಕು. ಮೂರನೇ ಕಾರಣ ಇರಬಹುದು ಅಂತ ಯಾರಿಗೂ ಹೊಳೆಯೋದಿಲ್ಲ. ನನ್ನದು ಮೂರನೇದು. ನಾನು ಬಿಟ್ಟಿದ್ದು ಒಂದು ಗಂಗಾಳದ ಸಲುವಾಗಿ.

ಗಂಗಾಳ ಅಂದರೆ ಅಂಚು ಎತ್ತರ ಇರುವ ಹಿತ್ತಾಳೆ ತಾಟು. ನಾನು ಕುಬಿಹಾಳಕ್ಕೆ ಸೊಸೆಯಾಗಿ ಬಂದಾಗ ಆ ಮನೆಯಲ್ಲಿ ನೀಲವ್ವ ಮೊದಲೇ ಇದ್ದಳು. ಆಕೆ ಹಿರಿಯ ಮಗನ ಹೆಂಡತಿ, ನಾನು ಕಿರಿಯವನ ಹೆಂಡತಿ. ನೆಗೆಣ್ಣಿಯರು. ಗಂಡಸರು ಉಂಡು, ಹುಡುಗರು ಉಂಡು, ಅತ್ತಿ ಉಂಡು, ಕಡೆಗೆ ಉಳಿದದ್ದನ್ನೆಲ್ಲ ಅತ್ತಿ ಒಂದು ಗಂಗಾಳಕ್ಕೆ ಸುರುವಿ ನಮ್ಮಿಬ್ಬರ ನಡುವೆ ಇಡುತ್ತಿದ್ದಳು. ಸೊಸೆಯರಿಗೆ ಎರಡು ಗಂಗಾಳ ಹಾಕಿದರೆ ತೊಳೆಯೋ ನೀರು ದಂಡ ಅನ್ನೋದು ಆಕೆಯ ಮಾತು. ನೀರು ಹೊರುತ್ತಿದ್ದವರು ನಾವು, ಉಳಿಸುತ್ತಿದ್ದವಳು ಆಕೆ. ಐತವಾರ ಖಂಡದ ಸಾರು. ಗಂಡಸರ ಹಲ್ಲಿನಿಂದ ತಪ್ಪಿಸಿಕೊಂಡು ನಮ್ಮ ತನಕ ಬರುತ್ತಿದ್ದದ್ದು ಒಂದೇ ಒಂದು ನಳಿಗಿ ಎಲುಬು. ಅದಕ್ಕೆ ಜಗಳ. "ಹ್ವಾದ ಐತವಾರ ನೀ ಚೀಪಿದಿ, ಇದು ನಂದು" ಅಂತ ನಾನು. "ನಾ ಹಿರಿಯಾಕಿ ಬೇ, ಕೈ ತಗಿ" ಅಂತ ಆಕೆ. ಅತ್ತಿ ಸತ್ತಳು, ಮನೆ ತುಂಬ ಸ್ಟೀಲಿನ ತಾಟು ಬಂದವು, ಬಾಗಿಲ ಮುಂದೆ ನಳ ಬಂತು, ನೀಲವ್ವನ ಮಗ ಮಲ್ಲಪ್ಪನಿಗೆ ಹೆಂಡತಿಯೂ ಬಂದಳು. ನಾವಿಬ್ಬರು ಮಾತ್ರ ಒಂದರಲ್ಲೇ ಉಣ್ಣುತ್ತ ಹೋದೆವು. ಪ್ರೀತಿ ಅಂತ ತಿಳಿಯಬೇಡಿರಿ. ಪ್ರೀತಿ-ಗೀತಿ ನಮಗೆ ಯಾರೂ ಕಲಿಸಿರಲಿಲ್ಲ. ಬೇರೆ ತಾಟಿನಲ್ಲಿ ಉಂಡರೆ ಹೊಟ್ಟೆ ತುಂಬಿತೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ, ಅಷ್ಟೇ.

ನನ್ನ ಗಂಡ ಮೊದಲು ಹೋದ. ಕೆಲವು ವರ್ಷದ ಮೇಲೆ ನೀಲವ್ವನ ಗಂಡ ಹೋದ. ಅವನಿಗೆ ಒಮ್ಮೆ ವಿಠ್ಠಲನ ಭಕ್ತರ ದಿಂಡಿಯ ಜೋಡಿ ಪಂಢರಪುರಕ್ಕೆ ನಡೆದು ಹೋಗಬೇಕು ಅನ್ನೋ ಆಸೆ ಇತ್ತು, ಆಗಿರಲಿಲ್ಲ. ಅವನ ಬದಲಿ ನೀಲವ್ವ ಹೋದಳು. ಹೋಗುವಾಗ ಬರೀ ಕುತ್ತಿಗೆಯಲ್ಲಿ ಹೋದಾಕೆ ಬರುವಾಗ ತುಳಸಿ ಮಾಲಿ ಹಾಕಿಕೊಂಡು ಬಂದಳು. ಬಂದವಳೇ, "ಹನಮಿ, ಇನ್ನ ಮ್ಯಾಲ ನನಗ ಖಂಡ ಮುಟ್ಟಿದ ಗಡಗಿ ನಡ್ಯಾಂಗಿಲ್ಲ. ನೀ ಅತ್ತಾಗ ಕೂಡು" ಅಂದಳು.

ಊರಾಗ ಮಾಲಿ ಹಾಕಿಕೊಂಡವರು ಬೇರೆಯವರೂ ಇದ್ದರು. ಐತವಾರ ಬಂದರೆ ಮಾಲಿ ತೆಗೆದು ಗೂಟಕ್ಕೆ ಹಾಕಿ, ಹೊಟ್ಟೆ ತುಂಬ ಉಂಡು, ಬಾಯಿ ಮುಕ್ಕಳಿಸಿ ಮತ್ತೆ ಹಾಕಿಕೊಳ್ಳುವವರು. ಒಬ್ಬನ ಮಾಲಿ ಕುತ್ತಿಗೆಗಿಂತ ಗೂಟದ ಮೇಲೇ ಹೆಚ್ಚು ಇರುತ್ತಿತ್ತು. ಮೋಕ್ಷ ಸಿಕ್ಕರೆ ಆ ಗೂಟಕ್ಕೇ ಸಿಗಬೇಕು. ನೀನೂ ಹಂಗೇ ಮಾಡು ಅಂತ ನೀಲವ್ವನಿಗೆ ಹೇಳಿದೆ. "ನಾ ಮಾತ ಕೊಟ್ಟಿದ್ದು ವಿಠ್ಠಲಗ, ಗೂಟಕ್ಕಲ್ಲ" ಅಂದಳು. ಸರಿ, ನಾನು ಅತ್ತಾಗ ಕೂತೆ. ಬೇರೆ ತಾಟು, ಪೂರಾ ಎಲುಬು, ಕೈ ತಡೆಯೋರಿಲ್ಲ. ಚೀಪಿದೆ. ಏನೂ ಇರಲಿಲ್ಲ ಅದರಲ್ಲಿ. ಕುರಿಯ ತಪ್ಪೋ ನನ್ನ ನಾಲಿಗೆಯ ತಪ್ಪೋ ಅಂತ ಮತ್ತೆರಡು ಐತವಾರ ನೋಡಿದೆ. ಆಮೇಲೆ ನನ್ನ ತಾಟು ಎತ್ತಿಟ್ಟು, ಮೈ ತೊಳಕೊಂಡು ಬಂದು ಆಕೆಯ ಗಂಗಾಳದ ಮುಂದೆ ಕೂತೆ.

"ಸರಿ ಬೇ, ಬಾಜು ಸರಿ. ಬಿಟ್ಟೆ ನಾನೂ."

ನೀಲವ್ವ ನನ್ನ ಮುಖ ನೋಡಿದಳು. "ಹಂಗಾರ ಮಾಲಿ ಹಾಕ್ಕೋ."

"ಮಾಲಿ ಬ್ಯಾಡ. ನಿನ್ನ ವಿಠ್ಠಲಗ ನಾ ಏನೂ ಕೇಳಿಲ್ಲ, ಅಂವಾ ನನ್ನ ಏನೂ ಕೇಳೂದು ಬ್ಯಾಡ. ಪಲ್ಲೆ ನೀಡು."

ಬಿಡೋದು ಒಂದು ಮಾತಿನ ಕೆಲಸ. ಬಿಟ್ಟು ಬದುಕೋದು ಹಂಗಲ್ಲ. ಮಡಕಿಕಾಳು, ಪುಂಡಿಪಲ್ಲೆ, ಬದನಿಕಾಯಿ. ಬದನಿಕಾಯಿ, ಪುಂಡಿಪಲ್ಲೆ, ಮಡಕಿಕಾಳು. ಬದನಿಕಾಯಿ ಇಡಿಯಾಗಿ ಬಂದರೆ ಎಣಗಾಯಿ, ಹೋಳಾಗಿ ಬಂದರೆ ಪಲ್ಲೆ, ಸುಟ್ಟು ಬಂದರೆ ಬಜ್ಜಿ. ಯಾವ ವೇಷದಲ್ಲಿ ಬಂದರೂ ನನಗೆ ಗುರುತು ಸಿಗುತ್ತಿತ್ತು. ಬಾಜೂ ಮನೆಯವರು ಐತವಾರ ಒಣಕೊಬ್ಬರಿ ಸುಟ್ಟು ಮಸಾಲಿ ಅರೆಯಲು ಕೂತರೆ ನಾನು ಎದ್ದು ಹೊಲಕ್ಕೆ ಹೋಗುತ್ತಿದ್ದೆ. ಹೊಲದಲ್ಲಿ ಏನು ಕೆಲಸ? ಏನೂ ಇಲ್ಲ. ಬದುವಿನ ಮೇಲೆ ಕೂತು ಊರ ಕಡೆ ಮೂಗು ಮಾಡುತ್ತಿದ್ದೆ. ಮಗಳನ್ನು ಅಳ್ನಾವರಕ್ಕೆ ಕೊಟ್ಟೀನಿ. ಅಲ್ಲಿ ಗೋವಾ ಕಡೆಯ ಮೀನು ಬರುತ್ತದೆ. ಮಗಳು ಮೀನು ಕರಿಯುವಾಗ ನಾನು ಗೋಡೆ ಕಡೆ ಮುಖ ಮಾಡಿ ಕೂತರೆ, "ಯವ್ವಾ, ನಿನಗ ಯಾರರೆ ಸಜಾ ಕೊಟ್ಟಾರೇನು?" ಅನ್ನುತ್ತಿದ್ದಳು. ಯಾರೂ ಕೊಟ್ಟಿರಲಿಲ್ಲ, ಅದೇ ತ್ರಾಸು. ಕೊಟ್ಟವರು ಇದ್ದಿದ್ದರೆ ಅವರನ್ನಾದರೂ ಬೈಯಬಹುದಿತ್ತು. ಬರಬರುತ್ತ ನಾಲಿಗೆ ಸುಮ್ಮನಾಯಿತು. ಕುಬಿಹಾಳಕ್ಕೆ ವಾಪಸ್ ಬಂದು ಗಂಗಾಳದ ಮುಂದೆ ಕೂತರೆ ನೀಲವ್ವ ಆ ಕಡೆಯಿಂದ ರೊಟ್ಟಿ ಮುರಿಯೋಳು, ನಾನು ಈ ಕಡೆಯಿಂದ. ಜಗಳಕ್ಕೆ ಎಲುಬು ಇರಲಿಲ್ಲ, ಬದನಿಕಾಯಿ ತೊಟ್ಟಿಗೆ ಜಗಳ ಮಾಡಿದೆವು.

ಈಗ ಎರಡು ವರ್ಷದಿಂದ ನೀಲವ್ವನ ನೆನಪು ಹೋಗುತ್ತ ಬಂತು. ಮೊದಲು ಉಪ್ಪಿನ ಡಬ್ಬಿ ಎಲ್ಲಿ ಅಂತ ಮರೆತಳು. ಆಮೇಲೆ ಗಂಡ ಸತ್ತದ್ದು ಮರೆತು, ಹೊಲದಿಂದ ಇನ್ನೂ ಯಾಕೆ ಬಂದಿಲ್ಲ ಅಂತ ಬಾಗಿಲಿಗೆ ಕೂತಳು. ಹೆತ್ತ ಮಗ ಮಲ್ಲಪ್ಪನಿಗೆ "ಯಣ್ಣಾ, ನೀವು ಯಾವೂರವ್ರಿ?" ಅಂದಳು. ಅವನು ಅವತ್ತು ದನದ ಕೊಟ್ಟಿಗೆಗೆ ಹೋಗಿ ಭಾಳ ಹೊತ್ತು ಹೊರಗೆ ಬರಲಿಲ್ಲ. ಹನಮಿ ಅನ್ನೋ ಹೆಸರು ಮಾತ್ರ ಬಾಯಲ್ಲಿ ಉಳಿದಿತ್ತು. ಉಣ್ಣೋದು ದಿನಾ ಕಡಿಮೆ ಆಯಿತು. ರೊಟ್ಟಿ ಹಾಲಿನಲ್ಲಿ ನೆನೆಸಿ ಕೊಟ್ಟರೆ ಕೈಲೆ ದೂಕುತ್ತಿದ್ದಳು. ಹೆಗಲ ಎಲುಬು ಎದ್ದು ಕುಪ್ಪಸ ಜಾರುವ ಹಂಗಾಯಿತು.

ಒಂದು ಐತವಾರ ಮುಂಜಾನೆ ಗಂಗಾಳ ಇಟ್ಟರೆ, ಒಳಗೆ ನೋಡಿ ನನ್ನ ಮುಖ ನೋಡಿದಳು. "ಹನಮಿ, ಇದೇನ ಬೇ, ಬದನಿಕಾಯಿ? ಇವತ್ತ ಐತವಾರ ಅಲ್ಲ? ಖಂಡ ಎಲ್ಲೈತಿ? ಎಲ್ಲಾ ನೀನ ನುಂಗಿದೇನು?"

ಕುತ್ತಿಗೆಯಲ್ಲಿ ಮಾಲಿ ಹಂಗೇ ಇತ್ತು. ಮಾಲಿ ಯಾಕೆ ಅನ್ನೋದು ಮಾತ್ರ ಹೋಗಿತ್ತು.

ಅವತ್ತಿನಿಂದ ದಿನಾ ಅದೇ ಪಾಠ. ಖಂಡ ಕೊಟ್ಟರೆ ಉಣ್ಣುತ್ತೀನಿ, ಇಲ್ಲಾ ಇಲ್ಲ. ಮಲ್ಲಪ್ಪನ ಹೆಂಡತಿ ರೇಣುಕಾ ಶಾಣ್ಯಾಕಿ. ಪ್ಯಾಟಿಯಿಂದ ಸೋಯಾ ಉಂಡಿ ತರಿಸಿದಳು. ಅದನ್ನು ಬಿಸಿನೀರಿನಲ್ಲಿ ನೆನೆಸಿ, ಹಿಂಡಿ, ಲವಂಗ ಚಕ್ಕಿ ಕಲ್ಲುಹೂವು ಎಲ್ಲಾ ಹಾಕಿ ಪಕ್ಕಾ ಐತವಾರದ ಸಾರು ಮಾಡಿದಳು. ವಾಸನಿಗೆ ನಾನೇ ಮೋಸ ಹೋದೆ. ನೀಲವ್ವ ಒಂದು ಉಂಡಿ ಬಾಯಿಗೆ ಹಾಕಿಕೊಂಡು ಅತ್ತ ಒಮ್ಮೆ ಇತ್ತ ಒಮ್ಮೆ ಹೊರಳಿಸಿದಳು. ಮಗನ ಗುರುತಿಲ್ಲ, ಗಂಡನ ಸಾವು ನೆನಪಿಲ್ಲ, ಸ್ವಂತ ಮನೆಯಲ್ಲಿ ಬಚ್ಚಲ ಎಲ್ಲಿ ಅಂತ ಕೇಳುವ ಹೆಂಗಸು. ಪಚಕ್ ಅಂತ ಉಗುಳಿ, "ಹಾಸಿಗಿ ಒಳಗಿನ ಅರಳಿ ಹಾಕೀರೇನ ಬೇ ಸಾರಿಗೆ?" ಅಂದಳು. ರೇಣುಕಾ ನಗಬೇಕೋ ಅಳಬೇಕೋ ತಿಳಿಯದೆ ಸೆರಗು ಬಾಯಿಗೆ ಹಿಡಿದುಕೊಂಡಳು.

ಹುಬ್ಬಳ್ಳಿ ಡಾಕ್ಟರು, ಏನು ಕೇಳ್ತಾರೋ ಅದನ್ನ ಕೊಡ್ರಿ, ಹೊಟ್ಟಿಗೆ ಏನರೆ ಹೋಗಲಿ ಅಂದರು. ಮಲ್ಲಪ್ಪ ಒಪ್ಪಲಿಲ್ಲ. "ಚಿಗವ್ವಾ, ಅವ್ವ ಶುದ್ಧಿ ಇದ್ದಾಗ ಆಡಿದ ಮಾತು ಖರೇ. ಶುದ್ಧಿ ಇಲ್ಲದಾಗ ಕೇಳಿದ್ದು ಖರೇ ಅಲ್ಲ. ನಾಳೆ ಅಕಿಗೆ ನೆನಪಾದ್ರ? ನನ್ನ ಮಾಲಿ ಕೆಡಿಸಿದ್ರಿ ಅಂದ್ರ ಏನ ಹೇಳ್ಲಿ?"

"ನಿನ್ನ ಹೆಸರ ನೆನಪಾಗವಲ್ದು, ಮಾಲಿ ನೆನಪಾಗತೈತೇನಪಾ?" ಅಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ, ಆದರೂ ಅಂದಾಗಿತ್ತು. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಮಾಲಿ ಹಾಕಿಕೊಂಡ ನೀಲವ್ವನ್ನ ಕೇಳೋಣ ಅಂದರೆ ಆಕೆ ಮನೆಯಲ್ಲಿ ಇಲ್ಲ. ಮನೆಯಲ್ಲಿ ಇದ್ದಾಕೆ ಹೊಸ ಸೊಸೆ ನೀಲವ್ವ, ಆಕೆಗೆ ಹಸಿವು. ಇಬ್ಬರಲ್ಲಿ ಯಾರ ಮಾತು ನಡೆಸಬೇಕು ಅಂತ ಯಾವ ಪುರಾಣದಲ್ಲೂ ಹೇಳಿದ್ದು ನಾನು ಕೇಳಿಲ್ಲ.

ದಿಂಡಿಯ ಹಿರಿಯರನ್ನು ಕರೆಸಿದೆವು. ಅವರು ಒಳ್ಳೆಯವರು. ಚಹಾ ಕುಡಿದು, "ಮಾಲಿ ತಗದು ನನ್ನ ಕೈಯಾಗ ಕೊಡ್ರಿ. ಆಮ್ಯಾಲೆ ಅಕಿ ಬಿಡಗಡಿ ಆದಂಗ. ಏನರೆ ತಿನ್ನಸ್ರಿ" ಅಂದರು. ಹಗುರ ಆಯಿತು ಅಂದುಕೊಂಡು ನಾನೇ ಮಾಲಿಗೆ ಕೈ ಹಾಕಿದೆ. ನೀಲವ್ವ ಎರಡೂ ಕೈಲೆ ಹಿಡಿದುಕೊಂಡಳು. ಆ ಕೈಯಾಗ ಅಷ್ಟು ಬಲ ಎಲ್ಲಿತ್ತೋ. "ಬಿಡ ಬೇ! ನಂದು! ನಂದು!" ಅಂತ ಚೀರಿದಳು. ಏನು ಅದು ಅಂದರೆ ಹೇಳಲು ಬರೋದಿಲ್ಲ. ಯಾರು ಹಾಕಿದರು ಅಂದರೆ ಗೊತ್ತಿಲ್ಲ. ನಂದು ಅನ್ನೋದೊಂದು ಗೊತ್ತು. ಹಿರಿಯರು ಎದ್ದು ನಿಂತು ಕೈ ಮುಗಿದರು, ಯಾರಿಗೆ ಮುಗಿದರೋ ತಿಳಿಯಲಿಲ್ಲ. "ಬಿಡ್ರಿ, ಮಾಲಿ ಇರಲಿ" ಅಂದು ಹೋದರು. ಖಂಡದ ಮಾತು ಎತ್ತಲಿಲ್ಲ.

ಮರುದಿನ ನೀಲವ್ವ ನೀರನ್ನೂ ದೂಕಿದಳು. ನಾನು ಚೀಲ ಹಿಡಿದು ರಾಜೇಸಾಬನ ಖಂಡದ ಅಂಗಡಿಗೆ ಹೋದೆ. ಅವನು ನನ್ನನ್ನು ನೋಡಿ ಚೂರಿ ಕೆಳಗಿಟ್ಟ. "ಹನಮವ್ವಾ, ದಾರಿ ತಪ್ಪಿ ಬಂದಿಯೇನು? ಕಾಯಿಪಲ್ಲೆ ಅತ್ತಾಗೈತಿ."

"ಖಂಡ ಹಾಕು."

"ಬ್ಯಾಡವ್ವಾ, ಇಷ್ಟ ವರ್ಷ ಬಿಟ್ಟಾಕಿ. ನಿನ್ನ ನೇಮ ಮುರದ ಪಾಪ ನನಗ್ಯಾಕ?"

ಖಂಡ ನೀಲವ್ವಗೆ, ನನಗಲ್ಲ ಅಂದೆ. ಎಲ್ಲಾ ಹೇಳಿದೆ. ಅವನು ಕೇಳಿ, ಮಾಲಿಯ ಮಾತೂ ಆಡಲಿಲ್ಲ, ಪಾಪದ ಮಾತೂ ಆಡಲಿಲ್ಲ. "ಹಲ್ಲು ಅದಾವೇನು?" ಅಂದ. ಮುಂದಿನವು ಎರಡು ಅಂದೆ. ಎಳೆಯ ಖಂಡ ಆರಿಸಿ, ಸಣ್ಣಗೆ ಕೊಚ್ಚಿ, ಮೇಲೆ ಒಂದು ನಳಿಗಿ ಎಲುಬು ಇಟ್ಟು ಕಟ್ಟಿ ಕೊಟ್ಟ.

ಮಲ್ಲಪ್ಪ ನನ್ನ ಕೈಯ ಚೀಲ ನೋಡಿದ. ಎತ್ತು ಬಿಟ್ಟುಕೊಂಡು ಹೊಲಕ್ಕೆ ಹೋದ. ಅಡಿಗಿ ನಾನೇ ಮಾಡಿದೆ. ಉಪ್ಪು ರುಚಿ ನೋಡದೆ ಕೈ ಅಂದಾಜಿಗೆ ಹಾಕಿದೆ. ವಾಸನಿ ತಾಳದೆ ಎರಡು ಸಲ ಹೊರಗೆ ಹೋಗಿ ಗಾಳಿಗೆ ನಿಂತೆ. ಯಾವ ವಾಸನಿಗೆ ಬದುವಿನ ಮೇಲೆ ಮೂಗು ಮಾಡಿ ಕೂಡುತ್ತಿದ್ದೆನೋ ಅದೇ ವಾಸನಿ! ನನಗೇ ನಂಬಿಕೆ ಬರಲಿಲ್ಲ.

ಗಂಗಾಳ ಇಟ್ಟೆ. ನೀಲವ್ವ ಉಂಡಳು. ಮಾಲಿಯ ಮಣಿ ಸಾರಿನೊಳಗೆ ಅದ್ದುತ್ತಿದ್ದವು, ಎತ್ತಿ ಬೆನ್ನಿಗೆ ಹಾಕಿದೆ. ಗಲ್ಲದ ತುಂಬ ಸಾರು ಹಚ್ಚಿಕೊಂಡು ನಕ್ಕಳು, ಆ ನಗು ನಾನು ವರ್ಷದಿಂದ ಕಂಡಿರಲಿಲ್ಲ. ಆಮೇಲೆ ಯಾರೂ ಹೇಳದೆ ಆ ನಳಿಗಿ ಎಲುಬು ಎತ್ತಿ ನನ್ನ ಬಾಯಿಗೆ ಹಿಡಿದಳು. "ಇವತ್ತ ನೀನ ಚೀಪ ಬೇ ಹನಮಿ. ದಿನಾ ಜಗಳ ತಗೀತಿ."

ಜೀವಮಾನದಲ್ಲಿ ಆಕೆ ತಾನಾಗಿ ಕೊಟ್ಟದ್ದು ಅದೊಂದೇ ಸಲ. ಬಾಯಿ ತೆರೆದೆ. ಚೀಪಿದೆ ಕೂಡ. ಎದ್ದು ಓಡಿ ಬಣವಿಯ ಹಿಂದೆ ಎಲ್ಲಾ ಕಾರಿಕೊಂಡೆ. ಮುಖ ತೊಳೆದು ಬರುವಷ್ಟರಲ್ಲಿ ನೀಲವ್ವ ನನ್ನನ್ನು ಬೇರೆ ಥರ ನೋಡುತ್ತಿದ್ದಳು. ರೇಣುಕಾಗೆ ಮೆಲ್ಲಗೆ, "ಈ ಮುದುಕಿ ಯಾರವಾ? ಖಂಡ ತಿನ್ನದ ಮಂದಿ ಕಾಣತಾಳ. ಬ್ಯಾರೆ ತಾಟಿನ್ಯಾಗ ಮಸರ ರೊಟ್ಟಿ ಹಾಕವಾ ಪಾಪ" ಅಂದಳು.

ಈಗ ಅದೇ ನಡೆದಿದೆ. ನೀಲವ್ವ ಆ ಗೋಡೆಗೆ ಕೂತು ಗಂಗಾಳದಲ್ಲಿ, ನಾನು ಈ ಗೋಡೆಗೆ ಕೂತು ಸ್ಟೀಲ್ ತಾಟಿನಲ್ಲಿ. ಮೈ ಸ್ವಲ್ಪ ತುಂಬಿಕೊಂಡಿದ್ದಾಳೆ. ನನಗೆ ಈಗ ಬಹುವಚನ. "ಉಣ್ರಿ, ಸಂಕೋಚ ಮಾಡಬ್ಯಾಡ್ರಿ" ಅನ್ನುತ್ತಾಳೆ. ಊರವರು ಮಾಲಿ ಇಲ್ಲದೆ ನೇಮ ಹಿಡಿದ ಶರಣಿ ಅಂತ ನನಗೆ ಕೈ ಮುಗಿಯಲು ಶುರು ಮಾಡಿದ್ದಾರೆ; ಬೇಡ ಅಂದರೆ ಇನ್ನೂ ಬಗ್ಗಿ ಮುಗಿಯುತ್ತಾರೆ. ಹ್ವಾದ ಐತವಾರ ನೀಲವ್ವ ಉಣ್ಣುತ್ತ ಉಣ್ಣುತ್ತ ಅರ್ಧಕ್ಕೆ ಕೈ ನಿಲ್ಲಿಸಿದಳು. ಉಳಿದ ಅರ್ಧ ಗಂಗಾಳದ ಆ ಅಂಚಿಗೆ ಸರಿಸಿ ಇಟ್ಟಳು. ಯಾಕೆ ಅಂದೆ.

"ನಮ್ಮ ಹನಮಿ ಬರಾಕಿ ಅದಾಳ್ರಿ. ಅಕಿಗೆ ಬೇಕು."

"ಹನಮಿ ಖಂಡ ಬಿಟ್ಟಾಳಂತ" ಅಂದೆ.

ನೀಲವ್ವ ಎರಡೇ ಹಲ್ಲಿನ ಬಾಯಿ ತೆರೆದು ನಕ್ಕಳು, ಕಣ್ಣಾಗ ನೀರು ಬರುವಷ್ಟು ನಕ್ಕಳು. "ಯಾರು, ಹನಮಿ? ಅಕಿ ಸಾಯೂ ಮಟಾ ಬಿಡಾಂಗಿಲ್ಲ! ನಿಮಗ ಅಕಿ ಗೊತ್ತಿಲ್ಲ ಬಿಡ್ರಿ."

ಗೊತ್ತಿಲ್ಲರಿ ಅಂದೆ. ಮೊಸರು ರೊಟ್ಟಿ ಮುಗಿಸಿ ತಾಟು ತೊಳೆಯಲು ಎದ್ದೆ.