ಬೊಂಬೆಯಣ್ಣನ ನೆಲಮಾಳಿಗೆಯ ಗಾಳಿ

ಭಾವಮೈದುನ ಹೋದ ವಾರ ನೆಲಮಾಳಿಗೆಯ ಕಪಾಟಿನಲ್ಲಿಟ್ಟು ಹೋಗಿದ್ದ, ಗಾಳಿ ಪರೀಕ್ಷಿಸುವ ಪುಟ್ಟ ಮೀಟರು ಆ ಬೆಳಿಗ್ಗೆ ಕೀಂ ಎಂದು ಕಿರುಚಿತು. ಮುರಿದ ಬೊಂಬೆಗಳನ್ನು ರಿಪೇರಿ ಮಾಡುವ ಬೊಂಬೆಯಣ್ಣ ಬೆಚ್ಚಿ, ಕೈಯಲ್ಲಿದ್ದ ಗಾಜಿನ ಕಣ್ಣನ್ನು ಬೀಳಿಸಿದ. ಕೋಣೆಯಲ್ಲಿ ಹೊಗೆಯಿಲ್ಲ, ವಾಸನೆಯಿಲ್ಲ. ಗೋಡೆಗೊರಗಿದ ಬೊಂಬೆಗಳು ಮಾತ್ರ ಅವನ ಬೆನ್ನ ಹಿಂದೆ ನಿಂತ ಯಾರನ್ನೋ ನೋಡುತ್ತಿರುವಂತೆ ಕೂತಿದ್ದವು.

ಫೋನು ಮಾಡಿದ್ದೇ ತಡ, ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಭಾವಮೈದುನ ಚೀಲ ಹಿಡಿದು ಓಡಿಬಂದ.

"ಭಾವ, ಇದು ರೇಡಾನ್, ವಿಕಿರಣ ಸೂಸೋ ಅನಿಲ. ನೆಲದಡಿ ಬಂಡೇಲಿ ಹುಟ್ಟಿ ಬಿರುಕಲ್ಲಿ ಮೇಲೆ ಬರುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ, ಯಾವುದರ ಜೊತೇನೂ ಕೂಡ್ಕೊಳ್ಳಲ್ಲ. ಗಾಳಿಯಾಡದ ಕಡೆ ಸುಮ್ನೆ ತುಂಬ್ಕೊಂಡು ಕೂತಿರುತ್ತೆ."

"ನಿನ್ನ ಭಾವನ ಥರಾನೇ," ಎಂದಳು ಬೊಂಬೆಯಣ್ಣನ ಹೆಂಡತಿ.

"ಈಗ ನನಗೇನಾಗುತ್ತೋ?" ಎಂದ ಬೊಂಬೆಯಣ್ಣ.

"ಇವತ್ತೇನೂ ಆಗಲ್ಲ. ವರ್ಷಗಟ್ಟಲೆ ಉಸಿರಾಡಿದ್ರೆ ಶ್ವಾಸಕೋಶದ ಕ್ಯಾನ್ಸರ್ ಬರಬಹುದು. ಸಿಗರೇಟು ಸೇದೋರಿಗಂತೂ ಇನ್ನೂ ಅಪಾಯ."

ಬೊಂಬೆಯಣ್ಣ ವರ್ಷಗಟ್ಟಲೆ ಅಲ್ಲೇ ಉಸಿರಾಡಿದ್ದ. ಬೀದಿಯವರ ಗಲಾಟೆ ಕೇಳಿಸದಿರಲೆಂದು ಇದ್ದೊಂದು ಕಿಟಕಿಯನ್ನೂ ಕೈಯಾರೆ ಮುಚ್ಚಿದ್ದ. ಅವನ ಎದೆಯೊಳಗೆ ಯಾರೋ ಮೆಲ್ಲಗೆ ಕದ ಎಳೆದುಕೊಂಡಂತಾಯಿತು.

ಸುದ್ದಿ ಕೇಳಿ ನೆರೆಯವರು ನುಗ್ಗಿದರು. ಪಕ್ಕದ ಮನೆಯ ದರ್ಜಿಯಮ್ಮ ಮೂಗರಳಿಸಿ, "ಏನೂ ಬರ್ತಿಲ್ಲಪ್ಪ!" ಎಂದರು. ಎದುರು ಮನೆಯ ನಿವೃತ್ತ ಕಂಡಕ್ಟರು ಸಿಗರೇಟಿನ ಹೊಗೆ ಬಿಡುತ್ತ, "ಕಾಣದ್ದಕ್ಕೆಲ್ಲ ಹೆದರಿದ್ರೆ ಬದುಕೋಕಾಗುತ್ತೇನ್ರೀ?" ಎಂದು ನಕ್ಕರು. ಭಾವಮೈದುನ ಚೀಲದಿಂದ ಮೀಟರುಗಳನ್ನು ತೆಗೆದು ಬಂದವರಿಗೆಲ್ಲ ಕೊಟ್ಟ. "ನಿಮ್ಮ ಮನೇಲೂ ಇಟ್ನೋಡಿ."

ಕೆಲಸದವರು ಬಿರುಕುಗಳಿಗೆ ಸಿಮೆಂಟು ಮೆತ್ತಿದರು, ನೆಲ ಕೊರೆದು ಛಾವಣಿಯವರೆಗೆ ಕೊಳವೆ ಎಬ್ಬಿಸಿ ಫ್ಯಾನು ಕೂರಿಸಿದರು. ನೆಲವೇ ಉಸಿರೆಳೆಯುತ್ತಿರುವಂತೆ ಕೊಳವೆ ಸುಯ್ಯಿಟ್ಟಿತು. ಆ ನಡುಕಕ್ಕೆ ಬೊಂಬೆಗಳ ರೆಪ್ಪೆಗಳು ತೆರೆದು ಮುಚ್ಚಿದವು. ಮರುದಿನ ಸಂಜೆಯ ಹೊತ್ತಿಗೆ ಮೀಟರಿನ ಅಂಕೆ ಇಳಿಯಿತು.

ಬೊಂಬೆಯಣ್ಣ ನಿಟ್ಟುಸಿರು ಬಿಡುವಷ್ಟರಲ್ಲಿ ದರ್ಜಿಯಮ್ಮನ ಮನೆಯಿಂದ ಕೀಂ ಎಂದಿತು. ಎದುರು ಮನೆಯಿಂದಲೂ. ಆಮೇಲೆ ಅದರಾಚೆಯ ಮನೆ. ಬೀದಿಯವರೆಲ್ಲ ಮತ್ತೆ ಬೊಂಬೆಯಣ್ಣನ ಮನೆಗೆ ಓಡಿಬಂದರು.

"ಎಲ್ಲರ ಮನೆ ಕೆಳಗೂ ಅದೇ ಬಂಡೆ," ಎಂದ ಭಾವಮೈದುನ. "ಬೇರೆ ಫ್ಯಾನು ಬರೋಕೆ ವಾರ ಬೇಕು. ಅಲ್ಲೀತನಕ ಕಿಟಕಿ ತೆಗೆದಿಡಿ, ಸಾಕು."

ಯಾರೂ ಕೇಳಿಸಿಕೊಂಡಂತೆ ಕಾಣಲಿಲ್ಲ. ಬೊಂಬೆಯಣ್ಣ ಕೈಕಾಲು ತೊಳೆದು ಬರುವಷ್ಟರಲ್ಲಿ ಅವನ ಬೊಂಬೆಗಳೆಲ್ಲ ನೆಲಮಾಳಿಗೆಯ ಮೆಟ್ಟಿಲ ಮೇಲೆ ಸಾಲಾಗಿ ಕೂತಿದ್ದವು. ಒಳಗೆ ಗೋಡೆಯಿಂದ ಗೋಡೆಗೆ ನೆರೆಯವರ ಹಾಸಿಗೆಗಳು. ದರ್ಜಿಯಮ್ಮನ ಹೊಲಿಗೆ ಯಂತ್ರವೂ ಇಳಿದಿತ್ತು.

"ಬೀದೀಲಿ ಒಳ್ಳೆ ಗಾಳಿ ಇರೋದು ಇಲ್ಲೊಂದೇ ಕಡೆ," ಎಂದರು ಕಂಡಕ್ಟರು, ಬಾಗಿಲಿಗೆ ಅಡ್ಡ ನಿಂತು. "ಜಾಗ ಇಲ್ಲ ಬೊಂಬೆಯಣ್ಣ, ಫುಲ್ಲು. ನೀವು ಮೇಲೇ ಇರಿ."

ಬಾಗಿಲು ಮುಚ್ಚಿತು. ಬೊಂಬೆಗಳ ನಡುವೆ ಖಾಲಿಯಿದ್ದ ಒಂದು ಮೆಟ್ಟಿಲ ಮೇಲೆ ಬೊಂಬೆಯಣ್ಣ ಕೂತುಕೊಂಡ.