ಅಜ್ಜನ ಎರಡನೇ ಸಂಸಾರ

ಐದೇ ದಿನದಲ್ಲಿ ಏಳು ತಲೆಮಾರನ್ನು ಎಳೆದು ತಂದು ಗೋಡೆಗೆ ನೇತುಹಾಕುತ್ತೇನೆಂದು ಆಲ್ಕೊಳದ ಉಮಾಮಹೇಶ್ವರರಾಯರು ಹೆಂಡತಿಯ ಮುಂದೆ ಘೋಷಿಸಿಬಿಟ್ಟರು. ಶಿವಮೊಗ್ಗದಲ್ಲಿ ವಂಶಶೋಧನೆಯ ಐದು ದಿನದ ಭಾರೀ ಶಿಬಿರ. ಮೂವತ್ತನಾಲ್ಕು ವರ್ಷ ನೋಂದಣಿ ಕಚೇರಿಯಲ್ಲಿ ಊರವರ ಪತ್ರಗಳನ್ನೆಲ್ಲ ಅರೆದು ಕುಡಿದು ನಿವೃತ್ತರಾದವರಿಗೆ ಸ್ವಂತ ಅಜ್ಜ ಯಾವ ಲೆಕ್ಕ! "ಮೊದಲು ಗೋಡೆಗೆ ಸುಣ್ಣ ಹೊಡಿಸಿ, ತಲೆಮಾರು ಆಮೇಲೆ ಬರಲಿ," ಎಂದರು ವೇದಾವತಮ್ಮ, ಹುರುಳಿಕಾಯಿ ಹೆಚ್ಚುತ್ತ.

ಶಿಬಿರವೇನೋ ಭರ್ಜರಿಯಾಗಿಯೇ ಇತ್ತು. ಪಾಠ ಹೇಳುವ ಮಾನಸ, ಮಗಳ ವಯಸ್ಸಿನ ಹುಡುಗಿ, ಹಳೇ ಲಗ್ನಪತ್ರಿಕೆ, ಪಹಣಿ, ಶಾಲೆಯ ದಾಖಲಾತಿ ಪುಸ್ತಕಗಳಿಂದ ಸತ್ತವರನ್ನೆಲ್ಲ ಎಬ್ಬಿಸಿ ಕೂರಿಸುತ್ತಿದ್ದಳು. ಭಲೇ ಹುಡುಗಿ ಎಂದುಕೊಂಡು ರಾಯರು ಮೊದಲ ಬೆಂಚಿನಲ್ಲಿ ಬಾಯಿ ಬಿಟ್ಟುಕೊಂಡು ಕೇಳಿದರು. ಕಾಗದ ನೋಡಿದ ಮೇಲೆ ಮನೆಯ ಹಿರಿಯರನ್ನೂ ವಿಚಾರಿಸಿ ಎಂದು ಆಕೆ ದಿನಕ್ಕೆ ಮೂರು ಸಲ ಹೇಳಿದಳು. ಅದೊಂದನ್ನು ಮಾತ್ರ ರಾಯರು ಬರೆದುಕೊಳ್ಳಲಿಲ್ಲ.

ಮೂರನೇ ದಿನ ಸಂಜೆ ಟ್ರಂಕು ತೆಗೆದರೆ, ಹಳದಿಗಟ್ಟಿದ ಲಗ್ನಪತ್ರಿಕೆಯಲ್ಲಿ ಅಜ್ಜ ನಾಗಯ್ಯನವರು ಕೈಹಿಡಿದದ್ದು ಚಿ. ಸೌ. ತುಂಗಮ್ಮನನ್ನು. ಮನೆಯ ಕ್ರಯಪತ್ರದಲ್ಲೋ, ನಾಗಯ್ಯನವರ ಪತ್ನಿ ಮನೆಯವರೆಲ್ಲ ಬಲ್ಲ ಅಜ್ಜಿ ಜಾನಕಮ್ಮ! ರಾಯರ ರೋಮ ನೆಟ್ಟಗಾಯಿತು. ಎರಡು ಹೆಸರು, ಎರಡು ಪತ್ರ, ಅಲ್ಲಿಗೆ ಇಬ್ಬರು ಹೆಂಡಿರು. ಹೆಂಡತಿಗೂ ಒಂದು ಮಾತು ಹೇಳದೆ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹಾಕಿಯೇಬಿಟ್ಟರು: ಅಜ್ಜನಿಗೆ ಇಬ್ಬರು ಪತ್ನಿಯರು, ಹಿರಿಯ ಅಜ್ಜಿಯ ಸಂತಾನಕ್ಕಾಗಿ ಶೋಧ ಜಾರಿಯಲ್ಲಿದೆ.

ಬೆಳಗಾಗುವಷ್ಟರಲ್ಲಿ ಗ್ರೂಪು ಕೊತಕೊತ ಕುದಿಯುತ್ತಿತ್ತು. ಚಿಕ್ಕಪ್ಪನ ಮಗ ರವಿಶಂಕರ, ಇಷ್ಟು ವರ್ಷ ಹಿರಿಯಜ್ಜಿಗೆ ಪಿಂಡವೇ ಹೋಗಿಲ್ಲ, ಅದಕ್ಕೇ ನನ್ನ ಮಗಳಿಗೆ ಗಂಡು ಕೂಡಿಬರುತ್ತಿಲ್ಲ ಎಂದು ಪುರೋಹಿತರ ಮನೆಗೆ ಓಡಿದ್ದ. ಇನ್ಯಾರೋ ಭದ್ರಾವತಿಯ ಜಲಜಮ್ಮನಿಗೆ ಫೋನು ಮಾಡಿ ಒಂದೇ ಸಾಲು ಒದರಿದ್ದರು: ನಿಮ್ಮಮ್ಮ ಎರಡನೆಯವಳಂತೆ. ರಾಯರ ಸೋದರತ್ತೆ ಜಲಜಮ್ಮನಿಗೆ ಎಂಬತ್ತನಾಲ್ಕು ವರ್ಷ. ಆ ಮಾತು ಕಿವಿಗೆ ಬಿದ್ದಾಗಿನಿಂದ ತೊಟ್ಟು ಕಾಫಿಯನ್ನೂ ಮುಟ್ಟಿಲ್ಲವೆಂದು ಅವರ ಸೊಸೆ ಅಳುತ್ತ ಹೇಳಿದಾಗ ವೇದಾವತಮ್ಮ ಗಂಡನನ್ನು ಒಮ್ಮೆ ನೋಡಿದರು, ಅಷ್ಟೇ. ರಾಯರು ತೆಪ್ಪಗೆ ಚಪ್ಪಲಿ ಮೆಟ್ಟಿ ಹೆಂಡತಿಯ ಹಿಂದೆಯೇ ಬಸ್ಸು ಹತ್ತಿದರು.

ಭದ್ರಾವತಿಯಲ್ಲಿ ಜಲಜಮ್ಮ ಗೋಡೆಗೆ ಮುಖಮಾಡಿ ಮಲಗಿದ್ದರು.

"ಇನ್ನೊಬ್ಬಳ ಜಾಗಕ್ಕೆ ಬಂದವಳೇನೋ ನಮ್ಮಮ್ಮ? ಸಾಯೋವರೆಗೂ ನಂಗೊಂದು ಮಾತು ಹೇಳ್ಲಿಲ್ವಲ್ಲೋ."

ರಾಯರ ಕೈ ಚೀಲದಲ್ಲಿದ್ದ ಪತ್ರಗಳ ಜೆರಾಕ್ಸ್ ಪ್ರತಿಗಳತ್ತ ಹೋಯಿತು. ವೇದಾವತಮ್ಮ ಆ ಕೈಯನ್ನು ಪಕ್ಕಕ್ಕೆ ತಳ್ಳಿ, ಮಂಚದಂಚಿನಲ್ಲಿ ಕೂತು ಕೇಳಿದ್ದು ಒಂದೇ ಪ್ರಶ್ನೆ. "ಅತ್ತೆ, ಅಜ್ಜಿಯನ್ನ ತವರಲ್ಲಿ ಏನಂತ ಕರೀತಿದ್ರು?"

"ತುಂಗಿ ಅಂತ. ಗಂಡನ ಮನೇಲಿ ಅವಳ ಅತ್ತೆ ಹೆಸರೂ ತುಂಗಮ್ಮನೇ ಆಯ್ತಲ್ಲ, ಸೊಸೇನ ಆ ಹೆಸರಲ್ಲಿ ಕೂಗೋದು ಹೇಗೆ? ಮದುವೇಲೇ ಅಕ್ಕಿ ತಟ್ಟೇಲಿ ಜಾನಕಿ ಅಂತ ಬರೆಸಿದ್ರು."

ವೇದಾವತಮ್ಮ ಲಗ್ನಪತ್ರಿಕೆಯ ಹೆಸರನ್ನು ಓದಿ ಹೇಳಿದರು. ಜಲಜಮ್ಮ ಎದ್ದು ಕೂತರು. "ಅಂದ್ರೆ ಈ ಪೆದ್ದ ಹುಡುಕ್ತಿರೋದು ನಮ್ಮಮ್ಮನ್ನೇ ಏನೇ?" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕು, ಸೊಸೆಯನ್ನು ಕರೆದು ಮೊಸರನ್ನ ತರಹೇಳಿದರು.

ರಾಯರಿಗೆ ಹೆಂಡತಿಯ ಮೇಲೆ ಎಲ್ಲಿಲ್ಲದ ಅಭಿಮಾನ ಉಕ್ಕಿತು. ಇಡೀ ಶಿಬಿರವನ್ನೇ ಇವಳಿಗೆ ವಹಿಸಬಹುದಿತ್ತು ಎಂದು ಎಲ್ಲರೆದುರೇ ಒಪ್ಪಿಕೊಂಡು, ಹೇಗೆ ಹೊಳೆಯಿತೆಂದು ಕೇಳಿದರು.

"ನನ್ನ ಹೆಸರನ್ನೂ ಬದಲಾಯಿಸಿದ್ರಲ್ಲ. ನೀವೇ ಅಕ್ಕಿ ಮೇಲೆ ಉಂಗುರದಲ್ಲಿ ವೇದಾವತಿ ಅಂತ ಬರೆದ್ರಿ."

ಹೌದು ಹೌದು ಎನ್ನುತ್ತ ರಾಯರು ಉತ್ಸಾಹದಿಂದ ನೋಟ್‌ಬುಕ್ ಬಿಡಿಸಿದರು. ತಮ್ಮ ಹೆಸರಿನ ಪಕ್ಕ ವೇದಾವತಿ ಎಂದು ಬರೆದು, ತವರಿನ ಹೆಸರು ಎಂದು ಬರೆದು, ಅಲ್ಲೇ ನಿಂತರು. ಮುತ್ತಜ್ಜನ ಅಪ್ಪನ ಹೆಸರು ಬಾಯಿಪಾಠ. ಮೂವತ್ತೊಂಬತ್ತು ವರ್ಷ ಅನ್ನವಿಕ್ಕಿದವಳದ್ದು, ಊಹೂಂ, ನೆನಪಾಗಲೊಲ್ಲದು! ಪೆನ್ನು ಕಚ್ಚಿದರು, ಸೂರು ನೋಡಿದರು.

"ಮಂದಾಕಿನಿ ಕಣೋ," ಎಂದರು ಜಲಜಮ್ಮ, ಮೊಸರನ್ನ ಕಲಸುತ್ತ.

ವೇದಾವತಮ್ಮನ ಕಣ್ಣು ತುಂಬಿ ಬಂತು. ತಾಯಿ ಹೋದ ಮೇಲೆ ಆ ಹೆಸರು ಹಿಡಿದು ಕರೆದವರೇ ಇರಲಿಲ್ಲ. ನೋಟ್‌ಬುಕ್ಕನ್ನು ಗಂಡನ ಮುಂದಕ್ಕೆ ಸರಿಸಿದರು.

"ದೊಡ್ಡದಾಗಿ ಬರ್ಕೊಳ್ಳಿ. ಇಲ್ದಿದ್ರೆ ನಾಳೆ ಮೊಮ್ಮಕ್ಕಳು ನಿಮಗೂ ಇಬ್ಬರು ಹೆಂಡಿರಿದ್ರು ಅಂತ ಗ್ರೂಪಿಗೆ ಹಾಕ್ತಾರೆ."